ಸದರ್ ಪತ್ರಪ್ಪ ರಸ್ತೆಯಲ್ಲಿ ಒಂದು ದಿನ

ಬೆಂಗಳೂರಿಗೆ ಹೋಗಿಬಂದವರು ಲಾಲ್‌ಬಾಗಿನ ಗಾಜಿನ ಮನೆಯನ್ನೂ, ವಿಧಾನಸೌಧದ ಮೆಟ್ಟಿಲುಗಳನ್ನೂ, ಬಸವನಗುಡಿಯ ದೊಡ್ಡ ಬಸವಣ್ಣನನ್ನೂ ವರ್ಣಿಸುವುದು ವಾಡಿಕೆ. ಸದರ್ ಪತ್ರಪ್ಪ ರಸ್ತೆಯನ್ನು ವರ್ಣಿಸಿದವರನ್ನು ನಾನು ಕಾಣೆ. ಪುರಭವನಕ್ಕೂ ನಗರ್ತಪೇಟೆಗೂ ನಡುವೆ ಇರುವ ಈ ಇಕ್ಕಟ್ಟಾದ ಬೀದಿಗೆ ಜನರು ಎಸ್. ಪಿ. ರೋಡ್ ಎನ್ನುವರು. ಅಲ್ಲಿ ದೇವಾಲಯದ ಗೋಪುರವಿಲ್ಲ, ಉದ್ಯಾನವಿಲ್ಲ, ಕುಳಿತುಕೊಳ್ಳಲು ಒಂದು ಕಲ್ಲು ಕೂಡ ಇಲ್ಲ. ಆದರೂ ಮನೆಯಲ್ಲಿ ಕೈಯಾರೆ ಯಂತ್ರಗಳನ್ನು ಮಾಡುವ ಹುಡುಗರಿಗೂ ಹುಡುಗಿಯರಿಗೂ ಅದು ಒಂದು ಕ್ಷೇತ್ರವೇ ಸರಿ. ಕ್ಷೇತ್ರವೆಂದಮೇಲೆ ಅಲ್ಲಿ ಪಂಡರೂ ಇರುವರು, ಯಾತ್ರಿಕನು ಎಚ್ಚರದಿಂದಿರಬೇಕು.

ನಮ್ಮ ಯಾತ್ರೆಗೆ ಕಾರಣವಿದ್ದಿತು. ನಮ್ಮ ಮನೆಯ ಜಗಲಿಯಲ್ಲಿ ಶ್ರಾವಣಮಾಸದ ಸಂಜೆಗಳಲ್ಲಿ ಕುಮಾರವ್ಯಾಸನ ಭಾರತವನ್ನು ಓದುವ ಪದ್ಧತಿ ನಮ್ಮ ತಂದೆಯವರ ಕಾಲದಿಂದ ನಡೆದುಬಂದಿದೆ. ಕೇರಿಯ ಮೂವತ್ತು ನಲವತ್ತು ಜನ ಸೇರುವರು. ಮೂವತ್ತೈದು ವರ್ಷ ತರಗತಿಯಲ್ಲಿ ಕೂಗಿದ ಈ ಗಂಟಲು ಈಗ ಅಷ್ಟು ದೂರ ಕೇಳಿಸದು. ಎಂಬತ್ತಾರು ವರ್ಷದ ನಮ್ಮ ತಾಯಿಯವರಿಗೋ ಕಿವಿ ಮಂದವಾಗಿದೆ. ಆದುದರಿಂದ ಪಾಲಿಟೆಕ್ನಿಕ್ಕಿನಲ್ಲಿ ಓದುತ್ತಿರುವ ನನ್ನ ಕಿರಿಯ ಮಗಳು ತಾನೇ ಒಂದು ಧ್ವನಿವರ್ಧಕವನ್ನು ಜೋಡಿಸಿದಳು. ಅದಕ್ಕೆ ಶಕ್ತಿ ಕೊಡಲು ಹಳೆಯ ಕಬ್ಬಿಣದ ಟ್ರಾನ್ಸ್‌ಫಾರ್ಮರೊಂದನ್ನು ಎಲ್ಲಿಂದಲೋ ತಂದು ಹಾಕಿದಳು. ಓದು ನಡೆಯುವಾಗಲೆಲ್ಲ ಹಿಂದಿನಿಂದ ಗುಂಯ್ ಎಂಬ ನಾದ ತಪ್ಪದು. "ಇದರೊಳಗೆ ದುಂಬಿ ಹೊಕ್ಕಿದೆ ಕಣೇ, ಮೊದಲು ಅದನ್ನು ಬಿಡಿಸು" ಎಂದರು ನಮ್ಮ ತಾಯಿಯವರು. ಆ ದುಂಬಿಯನ್ನು ಬಿಡಿಸುವುದಕ್ಕಾಗಿ ನಾವು ತಂದೆಮಗಳು ತುಮಕೂರಿನಿಂದ ಬೆಳಗಿನ ರೈಲನ್ನು ಹಿಡಿದೆವು.

ಮೆಜೆಸ್ಟಿಕ್ಕಿನಲ್ಲಿ ಮೆಟ್ರೊ ಹತ್ತಿದರೆ ಚಿಕ್ಕಪೇಟೆ ಕಳೆದು ಎರಡನೆಯ ನಿಲ್ದಾಣವೇ ಕೃಷ್ಣರಾಜೇಂದ್ರ ಮಾರುಕಟ್ಟೆ. ಅಲ್ಲಿಂದ ಕಾಲ್ನಡಿಗೆ. ಹೋಗತಕ್ಕವರು ಭಾನುವಾರವನ್ನು ಬಿಟ್ಟು ಹೋಗಬೇಕು. ಆ ದಿನ ಬಹುಪಾಲು ಬಾಗಿಲುಗಳು ಮುಚ್ಚಿರುವುವು.

ಬೀದಿಯೊಳಕ್ಕೆ ಕಾಲಿಟ್ಟೊಡನೆ ಮೊದಲು ಕಾಣುವುದು ತಲೆಯ ಮೇಲಿನ ತಂತಿಗಳ ಜಾಲ. ಅದರ ಕೆಳಗೆ ಫಲಕಗಳ ಜಾಲ. ಅದರ ಕೆಳಗೆ ಜನ. ರಟ್ಟಿನ ಪೆಟ್ಟಿಗೆಗಳನ್ನು ತಲೆಯ ಮೇಲೆ ಹೊತ್ತ ಕೂಲಿಗಳು "ಸೈಡ್, ಸೈಡ್" ಎನ್ನುತ್ತ ನುಗ್ಗುವರು. ಒಂದೊಂದು ಕಟ್ಟಡದ ಒಳಗೂ ಗುಹೆಯಂತಹ ಓಣಿ. ಓಣಿಯ ಎರಡು ಮಗ್ಗುಲಿಗೂ ಒಬ್ಬನೇ ಕುಳಿತುಕೊಳ್ಳಬಹುದಾದಷ್ಟು ಅಂಗಡಿಗಳು. ಬೆಸುಗೆಯ ರಾಳದ ಹೊಗೆ, ಹೊಸ ಪ್ಲಾಸ್ಟಿಕ್ಕಿನ ವಾಸನೆ, ಪಕ್ಕದ ಕೈಗಾಡಿಯ ಸೌತೆಕಾಯಿಯ ಪರಿಮಳ. ಕನ್ನಡ, ತಮಿಳು, ಉರ್ದು, ಹಿಂದಿ ಎಲ್ಲವೂ ಒಂದೇ ವ್ಯಾಪಾರದಲ್ಲಿ ಬೆರೆಯುವುವು. ಸಮೀಪದಲ್ಲಿಯೇ ಕರಗದ ಧರ್ಮರಾಯಸ್ವಾಮಿಯ ದೇವಸ್ಥಾನವಿದೆ. ಭಾರತವನ್ನೋದುವ ಕಾರ್ಯಕ್ಕಾಗಿ ಬಂದವರು ಧರ್ಮರಾಯನನ್ನು ನೋಡದೆ ಹೋಗಬಾರದೆಂದು ಮೊದಲು ಅಲ್ಲಿಗೆ ಹೋಗಿ ಕೈಮುಗಿದು ಬಂದೆವು.

ಈಗ ವಸ್ತುವಿಗೆ ಬರೋಣ. ನಾವು ಕೊಳ್ಳಬೇಕಾಗಿದ್ದುದು ಎಸ್. ಎಂ. ಪಿ. ಎಸ್. ಎಂದು ಬಜಾರಿನಲ್ಲಿ ಕರೆಯುವ ಶಕ್ತಿಪೆಟ್ಟಿಗೆ. ಹಳೆಯ ಟ್ರಾನ್ಸ್‌ಫಾರ್ಮರಿಗೂ ಇದಕ್ಕೂ ಇರುವ ಭೇದವನ್ನು ನನ್ನ ಮಗಳು ರೈಲಿನಲ್ಲಿಯೇ ತಿಳಿಸಿದಳು. ನಾನು ಅದನ್ನು ಬಾವಿಯ ಭಾಷೆಗೆ ತಿರುಗಿಸಿಕೊಂಡೆನು. ನಮ್ಮ ಹಿರಿಯರ ತೋಟದಲ್ಲಿ ಕಪಿಲೆ ಇದ್ದಿತು. ಎತ್ತುಗಳು ಇಳಿಜಾರಿನಲ್ಲಿ ಎಳೆದಂತೆ ದೊಡ್ಡ ತೊಗಲಿನ ಬಾನೆಯು ನಿಧಾನವಾಗಿ ಮೇಲಕ್ಕೆ ಬರುತ್ತಿತ್ತು. ಸಂಸ್ಕೃತ ಗ್ರಂಥಗಳಲ್ಲಿ ಹೇಳುವ ಘಟೀಯಂತ್ರವಾದರೋ ಚಿಕ್ಕ ಚಿಕ್ಕ ಮಡಕೆಗಳ ಮಾಲೆ. ಒಂದೊಂದರಲ್ಲಿ ಬರುವ ನೀರು ಅಲ್ಪವಾದರೂ ಒಂದರ ಹಿಂದೊಂದು ಬೇಗ ಬರುವುದರಿಂದ ಕಾಲುವೆಯು ತುಂಬಿ ಹರಿಯುವುದು. ನಮ್ಮ ಮನೆಗೆ ಬರುವ ವಿದ್ಯುತ್ತು ಸೆಕೆಂಡಿಗೆ ೫೦ ಆವರ್ತ ಮಾಡುವುದು. ಇಷ್ಟು ನಿಧಾನವಾದುದರಿಂದ ಪ್ರತಿ ಆವರ್ತದಲ್ಲಿಯೂ ಬಹಳ ಶಕ್ತಿಯನ್ನು ಹೊರಬೇಕು. ಹೊರುವ ಕಬ್ಬಿಣವೂ ದೊಡ್ಡದಿರಬೇಕು. ೩೦೦ ವ್ಯಾಟಿನ ಯೋಗ್ಯತೆಯ ಟ್ರಾನ್ಸ್‌ಫಾರ್ಮರು ಮೂರು ಕಿಲೋವಿನ ಸಮೀಪ ತೂಗುವುದು. ಹೊಸ ಪೆಟ್ಟಿಗೆಯು ೨೩೦ ವೋಲ್ಟಿನ ವಿದ್ಯುತ್ತನ್ನು ಮೊದಲು ೩೨೫ ವೋಲ್ಟಿನಷ್ಟು ಏಕಮುಖ ವಿದ್ಯುತ್ತಾಗಿ ಮಾಡಿಕೊಂಡು, ಅದನ್ನು ಸೆಕೆಂಡಿಗೆ ಅರುವತ್ತೈದು ಸಾವಿರ ಸಲವೋ ಒಂದು ಲಕ್ಷ ಸಲವೋ ಕತ್ತರಿಸಿ, ಅಂಗೈಯೊಳಗೆ ಅಡಗುವ ಫೆರೈಟ್ ತುಂಡಿನ ಮೂಲಕ ದಾಟಿಸುವುದು. ಮಡಕೆ ಚಿಕ್ಕದು, ಓಟ ಹೆಚ್ಚು.

ಮೈಸೂರು ಸೀಮೆಯವರಿಗೆ ಇದು ಹೊಸ ಪಾಠವಾಗಬಾರದು. ೧೯೦೨ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಹೋದ ವಿದ್ಯುತ್ತು ಸೆಕೆಂಡಿಗೆ ೨೫ ಆವರ್ತದ್ದಾಗಿದ್ದಿತು. ಅಂತಹ ವಿದ್ಯುತ್ತಿಗೆ ಮಾಡಿದ ಟ್ರಾನ್ಸ್‌ಫಾರ್ಮರು ಇಂದಿನದಕ್ಕಿಂತಲೂ ಸ್ಥೂಲವಾಗಿರಲೇಬೇಕು.

ನಮ್ಮ ದುಂಬಿಯ ಮೂಲವೂ ಇಲ್ಲಿಯೇ ಇದೆ. ೫೦ ಆವರ್ತದ ವಿದ್ಯುತ್ತನ್ನು ಏಕಮುಖವಾಗಿ ಮಾಡಿದಾಗ ಉಳಿಯುವ ಅಲೆಯು ಸೆಕೆಂಡಿಗೆ ೧೦೦. ಅದು ಕಿವಿಗೆ ಚೆನ್ನಾಗಿ ಕೇಳುವ ಮಂದ್ರಸ್ವರ. ಅರುವತ್ತೈದು ಸಾವಿರದ ಅಲೆಯನ್ನು ಮನುಷ್ಯನ ಕಿವಿಯು ಕೇಳಲಾರದು. ಎಳೆಯರ ಕಿವಿಗಾದರೂ ಇಪ್ಪತ್ತು ಸಾವಿರವೇ ಮೇರೆ. ಹಾಗೆಂದು ಎಲ್ಲ ಪೆಟ್ಟಿಗೆಯೂ ಮೌನವ್ರತಿಯಲ್ಲ. ಕೆಲವು, ಕೆಲಸ ಕಡಮೆಯಾದಾಗ, ಶಕ್ತಿಯ ಉಳಿತಾಯಕ್ಕಾಗಿ ಬಿಟ್ಟು ಬಿಟ್ಟು ಓಡುವುವು. ಆಗ ಆ ಬಿಡುವಿನ ಲಯವೇ ಕಿವಿಯ ಎಲ್ಲೆಯೊಳಕ್ಕೆ ಇಳಿದು ಕೀಚ್ ಎನ್ನುವುದು. ದುಂಬಿಯನ್ನು ಓಡಿಸಿ ಜೀರುಂಡೆಯನ್ನು ಸಾಕಿದಂತಾದೀತು.

ಮೊದಲನೆಯ ಅಂಗಡಿಯಾತನು ನಮ್ಮನ್ನು ಕಂಡೊಡನೆ ರಂಧ್ರಗಳುಳ್ಳ ಒಂದು ಲೋಹದ ಪೆಟ್ಟಿಗೆಯನ್ನು ಮುಂದಿಟ್ಟು, "೨೪ ವೋಲ್ಟ್, ೧೫ ಆಂಪಿಯರ್, ತಗೊಳ್ಳಿ ಮೇಷ್ಟ್ರೇ, ದೊಡ್ಡದೇ ಒಳ್ಳೇದು" ಎಂದನು. ಬೀದಿದೀಪದ ಫಲಕಗಳಿಗೂ ಸಾಲುದೀಪಗಳಿಗೂ ಉಪಯೋಗಿಸುವ ಪೆಟ್ಟಿಗೆ ಅದು. ದೊಡ್ಡದೇ ಒಳ್ಳೆಯದೆಂಬ ಮಾತನ್ನು ಸ್ವಲ್ಪ ಲೆಕ್ಕ ಹಾಕಿ ನೋಡಬೇಕು. ನಮ್ಮ ಧ್ವನಿವರ್ಧಕದಲ್ಲಿರುವುದು ಟಿ.ಪಿ.ಎ. ೩೧೧೬ ಎಂಬ ಚಿಪ್ಪು. ಅದು ಒಂದೇ ಧ್ರುವದ ವಿದ್ಯುತ್ತಿನಿಂದ ನಡೆಯುವುದು. ೨೬ ವೋಲ್ಟನ್ನು ಮೀರಬಾರದು. ಸ್ಪೀಕರು ೮ ಓಮಿನದು. ವೋಲ್ಟನ್ನು ವೋಲ್ಟಿನಿಂದಲೇ ಗುಣಿಸಿ ೧೬ರಿಂದ ಭಾಗಿಸಿದರೆ ದೊರೆಯುವ ಗರಿಷ್ಠ ಶಕ್ತಿ ಗೊತ್ತಾಗುವುದು. ೧೨ ವೋಲ್ಟಿಗೆ ೯ ವ್ಯಾಟು. ೧೯ ವೋಲ್ಟಿಗೆ ೨೨ಕ್ಕೆ ಸ್ವಲ್ಪ ಮೇಲೆ. ೨೪ ವೋಲ್ಟಿಗೆ ೩೬. ನಿಜವಾಗಿ ಸಿಕ್ಕುವುದು ಇವಕ್ಕಿಂತ ಒಂದಿಷ್ಟು ಕಡಮೆ. ೨೨ಕ್ಕೂ ೩೬ಕ್ಕೂ ಬಹಳ ಅಂತರವೆಂದು ತೋರುವುದಷ್ಟೆ? ಕಿವಿಯ ಗಣಿತವೇ ಬೇರೆ. ಅದು ಎರಡು ಡೆಸಿಬೆಲ್ಲಿನ ಭೇದ ಮಾತ್ರ. ಮಗ್ಗುಲಲ್ಲಿ ಕುಳಿತವರು ಗಮನಿಸಿ ಕೇಳಿದರೆ ತಿಳಿದೀತು. ಜಗಲಿಯ ಓದಿಗೆ ೧೯ ವೋಲ್ಟೇ ಧಾರಾಳ.

ಇನ್ನು ಆಂಪಿಯರಿನ ಮಾತು. ಎರಡು ಸ್ಪೀಕರುಗಳಿಗೂ ಸೇರಿ ನಲವತ್ತು ವ್ಯಾಟನ್ನು ಸತತವಾಗಿ ಕೊಟ್ಟರೂ, ಈ ಜಾತಿಯ ಧ್ವನಿವರ್ಧಕಗಳಲ್ಲಿ ನಷ್ಟ ಅಲ್ಪವಾದುದರಿಂದ, ಐವತ್ತು ವ್ಯಾಟು ಸಾಕು. ಮಾತಿನಲ್ಲಿಯೂ ಸಂಗೀತದಲ್ಲಿಯೂ ಸರಾಸರಿ ಬೇಡಿಕೆಯು ಗರಿಷ್ಠದ ಎಂಟನೆಯ ಒಂದು ಪಾಲಿನಷ್ಟೆಂದು ತಿಳಿದವರು ಇಟ್ಟುಕೊಂಡಿರುವ ಲೆಕ್ಕ. ಆದರೆ ಉಳಿದ ಏಳು ಪಾಲನ್ನು ಮರೆಯುವಂತಿಲ್ಲ. ಭೀಮನ ಗರ್ಜನೆ ಬಂದಾಗ ಬೇಡಿಕೆಯು ಥಟ್ಟನೆ ಏರುವುದು. ಹಳೆಯ ಕಬ್ಬಿಣವು ಆಗ ಸ್ವಲ್ಪ ಬಾಗಿ ಸಹಿಸಿಕೊಳ್ಳುವುದು. ಹೊಸ ಪೆಟ್ಟಿಗೆಯಾದರೋ ತನ್ನ ಮಿತಿ ಮೀರಿದೊಡನೆ ತಾನೇ ಆರಿಕೊಂಡು, ಮತ್ತೆ ಹೊತ್ತಿಕೊಂಡು, ಮತ್ತೆ ಆರುವುದು. ಇದಕ್ಕೆ ಕುಶಲಕರ್ಮಿಗಳು ಬಿಕ್ಕಳಿಕೆ ಎಂಬರ್ಥದ ಹೆಸರನ್ನೇ ಇಟ್ಟಿರುವರು. ಗರ್ಜನೆಯ ನಡುವೆ ಭೀಮನು ಬಿಕ್ಕಳಿಸಬಾರದಷ್ಟೆ! ಆದುದರಿಂದ ಬೇಕಾದುದಕ್ಕಿಂತ ಕಾಲುಭಾಗ ಹೆಚ್ಚಿನ ಪೆಟ್ಟಿಗೆಯನ್ನು ಕೊಂಡು, ಧ್ವನಿವರ್ಧಕದ ಹತ್ತಿರ ಒಂದೆರಡು ಸಾವಿರ ಮೈಕ್ರೊಫ್ಯಾರಡಿನ ಕೆಪಾಸಿಟರನ್ನು ಇಡತಕ್ಕುದು. ಅತಿಯಾಗಿ ಇಟ್ಟರೆ ಪೆಟ್ಟಿಗೆಯು ಅದನ್ನು ತುಂಬಿಸಲಾರದೆ, ಹೊರಡುವಾಗಲೇ ಬಿಕ್ಕಳಿಸುವುದು.

ಆ ಲೋಹದ ಪೆಟ್ಟಿಗೆಯನ್ನು ತೆರೆದು ತೋರಿಸಬೇಕೆಂದು ಮಗಳು ಕೇಳಿದಳು. ಅಂಗಡಿಯಾತನಿಗೆ ಮನಸ್ಸಿರಲಿಲ್ಲ, ಆದರೂ ತೆರೆದನು. ಅವಳು ಮೊದಲು ನೋಡಿದುದು ಫಲಕದ ಹಿಂಭಾಗವನ್ನು. ಗೋಡೆಯ ವಿದ್ಯುತ್ತು ಇರುವ ಭಾಗಕ್ಕೂ ನಾವು ಮುಟ್ಟುವ ಭಾಗಕ್ಕೂ ನಡುವೆ ತಾಮ್ರವಿಲ್ಲದ ಬಯಲು ಇರಬೇಕು. ಅದು ಆರು ಮಿಲಿಮೀಟರಿಗೆ ಕಡಮೆಯಾಗಬಾರದೆಂದು ಅವಳ ಪಾಠ. ಇದರಲ್ಲಿ ಒಂದು ಕಡೆ ಎರಡು ಮಿಲಿಮೀಟರೂ ಇರಲಿಲ್ಲ. ಆ ಬಯಲನ್ನು ದಾಟುವ ಹಾಗೆ ಹಾಕುವ ಚಿಕ್ಕ ನೀಲಿಯ ಕೆಪಾಸಿಟರಿನ ಮೇಲೆ 'ವೈ ೧' ಎಂಬ ಗುರುತಿರಬೇಕು. ಅಂತಹ ಕೆಪಾಸಿಟರು ಕೆಟ್ಟರೂ ವಿದ್ಯುತ್ತನ್ನು ಆಚೆಗೆ ಬಿಟ್ಟುಕೊಡದಂತೆ ಮಾಡಿದ್ದಾಗಿರುವುದು. ಇದರಲ್ಲಿ ಗುರುತಿಲ್ಲದ ಸಾಮಾನ್ಯ ಜಾತಿಯದನ್ನು ಹಾಕಿದ್ದರು. "ಇದು ನಮಗೆ ಬೇಡಪ್ಪಾ" ಎಂದು ಅವಳು ಮುಚ್ಚಳವನ್ನು ಮೆಲ್ಲಗೆ ಮುಚ್ಚಿದಳು. "ಅಮ್ಮಾ, ಇದನ್ನೆಲ್ಲ ಯಾರೂ ನೋಡೋದಿಲ್ಲ" ಎಂದನು ಆತನು. ನನಗೆ ಆ ಮಾತಿನಲ್ಲಿ ನಗುವಂತಹದೇನೂ ಕಾಣಲಿಲ್ಲ. ನಮ್ಮ ಜಗಲಿಯದು ಕೆಂಪು ಗಾರೆಯ ನೆಲ. ಶ್ರಾವಣದಲ್ಲಿ ಸದಾ ತೇವ. ಮಕ್ಕಳು ಬರಿಗಾಲಿನಲ್ಲಿ ಬಂದು ಆ ಪೆಟ್ಟಿಗೆಯನ್ನು ಮುಟ್ಟದೆ ಇರಲಾರರು. ಎರಡು ಮಿಲಿಮೀಟರಿನ ಈಚೆಗೆ ಆ ಕೈಗಳು, ಆಚೆಗೆ ೩೨೫ ವೋಲ್ಟು.

ಇದೇ ಪ್ರಸಂಗದಲ್ಲಿ ಇನ್ನೆರಡು ಮಾತುಗಳನ್ನು ಹೇಳಿಬಿಡುವೆನು. ಇಂತಹ ಲೋಹದ ಪೆಟ್ಟಿಗೆಗಳಲ್ಲಿ ಕೆಲವಕ್ಕೆ ಪಕ್ಕದ ರಂಧ್ರದೊಳಗೆ ೧೧೫ ಮತ್ತು ೨೩೦ ಎಂದು ಬರೆದ ಒಂದು ಸಣ್ಣ ಕೀಲಿ ಇರುವುದು. ಅದು ೧೧೫ರಲ್ಲಿರುವಾಗ ನಮ್ಮ ಗೋಡೆಗೆ ಸಿಕ್ಕಿಸಿದರೆ ಪೆಟ್ಟಿಗೆಯು ಸಿಡಿಯುವುದು. ಎರಡನೆಯದಾಗಿ, ತಂತಿಯನ್ನು ಗೋಡೆಯಿಂದ ಕಿತ್ತ ಮೇಲೆಯೂ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ ಆ ೩೨೫ ವೋಲ್ಟು ಕೆಲಕಾಲ ನಿಂತಿರುವುದುಂಟು. ಮನೆಯಲ್ಲಿ ಹುಡುಗರು ಇವುಗಳ ಮುಚ್ಚಳವನ್ನು ತೆರೆಯದಂತೆ ತಾಯಂದಿರು ನೋಡಿಕೊಳ್ಳಬೇಕು.

ಮುಂದೆ ಮೂರು ನಾಲ್ಕು ಅಂಗಡಿಗಳನ್ನು ದಾಟಿ, ಓಣಿಯ ಒಳಗೆ, ಹಳೆಯ ಲ್ಯಾಪ್‌ಟಾಪುಗಳನ್ನು ಬಿಚ್ಚಿ ಮಾರುವ ಒಬ್ಬ ವೃದ್ಧರ ಬಳಿಗೆ ಬಂದೆವು. ಬುಟ್ಟಿಯ ತುಂಬ ಕಪ್ಪು ಅಡಾಪ್ಟರುಗಳು. ಹಾವಾಡಿಗನ ಬುಟ್ಟಿಯೇ ಸರಿ. ೧೯ ವೋಲ್ಟ್, ೩.೪೨ ಆಂಪಿಯರ್, ಅಂದರೆ ೬೫ ವ್ಯಾಟು, ೧೯.೫ ವೋಲ್ಟ್, ೪.೬೨ ಆಂಪಿಯರ್, ಅಂದರೆ ೯೦ ವ್ಯಾಟು. ನಮ್ಮ ಲೆಕ್ಕಕ್ಕೆ ಅಳತೆ ಕೊಟ್ಟು ಮಾಡಿಸಿದಂತಿದ್ದುವು. ದೊಡ್ಡ ಕಂಪೆನಿಗಳು ತಮ್ಮ ಯಂತ್ರಗಳ ಜೊತೆಗೆ ಕೊಟ್ಟ ಇವು ಒಳಗೂ ಹೊರಗೂ ಮುಚ್ಚಿದುವು. ಬಯಲೂ ಗುರುತೂ ಕ್ರಮವಾಗಿರುವುವು. ಸರಕಾರದ ಆಜ್ಞೆಯ ಮೇರೆಗೆ ಇಂತಹ ಅಡಾಪ್ಟರುಗಳು ಭಾರತೀಯ ಮಾನಕ ಬ್ಯೂರೊದಲ್ಲಿ ನೋಂದಣಿಯಾಗಿರಬೇಕು. 'ಆರ್' ಅಕ್ಷರದಿಂದ ಮೊದಲಾಗುವ ಎಂಟು ಅಂಕಿಗಳ ಸಂಖ್ಯೆಯು ಮೈಮೇಲೆ ಅಚ್ಚಾಗಿರುವುದು. ಆ ಸಂಖ್ಯೆ ನಿಜವೋ ಹುಸಿಯೋ ಎಂಬುದನ್ನು ಬ್ಯೂರೊದವರ ಬಿ.ಐ.ಎಸ್. ಕೇರ್ ಎಂಬ ಆ್ಯಪಿನಲ್ಲಿ ಅಲ್ಲಿಯೇ ನಿಂತು ನೋಡಬಹುದು. ನಕಲಿಗಳೂ ಆ ಬುಟ್ಟಿಯಲ್ಲಿ ಇದ್ದುವು. ಅವನ್ನು ಕಂಡುಹಿಡಿಯುವ ಉಪಾಯವನ್ನು ವೃದ್ಧರೇ ಹೇಳಿಕೊಟ್ಟರು: "ಕೈಯಲ್ಲಿ ಹಿಡ್ಕೊಳ್ಳಿ ಸ್ವಾಮಿ, ಹಗುರಾದ್ದು ಸುಳ್ಳು." ಒಳ್ಳೆಯ ೬೫ ವ್ಯಾಟಿನದು ಕಾಲು ಕಿಲೋವಿನ ಆಸುಪಾಸು ತೂಗುವುದು. ಪಕ್ಕದ ನಗರ್ತಪೇಟೆಯ ಅಕ್ಕಸಾಲಿಗರ ತಕ್ಕಡಿಯನ್ನು ಎರವಲು ತರೋಣವೇ ಎಂದು ನಾನು ಹಾಸ್ಯ ಮಾಡಿದೆನು.

ಮಗಳು ತನ್ನ ಚೀಲದಿಂದ ಬ್ಯಾಟರಿಯ ಒಂದು ಹಳೆಯ ಪುಟ್ಟ ರೇಡಿಯೊವನ್ನು ತೆಗೆದಾಗ ವೃದ್ಧರಿಗೂ ಸೋಜಿಗವಾಯಿತು. ಅದನ್ನು ಮಧ್ಯಮ ತರಂಗಕ್ಕೆ ತಿರುಗಿಸಿ, ನಡೆಯುತ್ತಿರುವ ಅಡಾಪ್ಟರಿನ ಸಮೀಪಕ್ಕೆ ಹಿಡಿದಳು. ಒಂದಕ್ಕೆ ರೇಡಿಯೊ ಗೊರಗೊರನೆ ಕೆರಳಿತು. ಗೇಣು ದೂರ ಸರಿಸಿದರೂ ತಣ್ಣಗಾಗಲಿಲ್ಲ. ಮತ್ತೊಂದಕ್ಕೆ ತೀರ ಹತ್ತಿರ ಬಂದಾಗ ಮಾತ್ರ ಗೊಣಗಿತು. ಅರುವತ್ತೈದು ಸಾವಿರದ ಅಲೆಯ ಮರಿಗಳು ಆ ತರಂಗದವರೆಗೂ ಹೋಗುವುವಂತೆ. ಒಳಗೆ ಶೋಧಕವನ್ನು ಸರಿಯಾಗಿ ಹಾಕಿದ್ದರೆ ಅವು ಹೊರಗೆ ಬರವು. ಗೊಣಗಿದುದನ್ನೇ ಆರಿಸಿದೆವು. ಅದು ಮೂರು ಕಡ್ಡಿಯ ಪ್ಲಗ್ಗಿನದು. ಎರಡು ಕಡ್ಡಿಯದಾಗಿದ್ದರೆ, ಒಳ್ಳೆಯದಾದರೂ ಆ ನೀಲಿಯ ಕೆಪಾಸಿಟರಿನ ಮೂಲಕ ಸೋರುವ ಅತ್ಯಲ್ಪ ವಿದ್ಯುತ್ತಿನಿಂದ ಲೋಹದ ಮೈ ಮುಟ್ಟಿದವರಿಗೆ ಜುಮ್ಮೆನ್ನುವುದು. ಅಪಾಯವಿಲ್ಲವೆಂದು ತಿಳಿದಿದ್ದರೂ ಮುದುಕರಿಗೆ ಎದೆ ನಡುಗುವುದು.

ಊಟದ ಹೊತ್ತಿನಲ್ಲಿ ನಮ್ಮಿಬ್ಬರಿಗೂ ಒಂದು ವಾದ ನಡೆಯಿತು. "ಅಪ್ಪಾ, ಎರಡು ಧ್ರುವದ ಪೆಟ್ಟಿಗೆಯನ್ನೂ ಇವತ್ತೇ ಕೊಂಡುಬಿಡೋಣ. ಟಿ.ಡಿ.ಎ. ೭೨೯೪ ಹಾಕಿ ಶಾಲೆಯ ಸಭಾಂಗಣಕ್ಕೇ ಒಂದು ಮಾಡಿಕೊಡ್ತೀನಿ" ಎಂದಳು. ಆ ಚಿಪ್ಪಿಗೆ ಧನ ಮೂವತ್ತೈದು, ಋಣ ಮೂವತ್ತೈದು ವೋಲ್ಟುಗಳಷ್ಟು ಬೇಕು. ನಲವತ್ತನ್ನು ಮೀರಬಾರದು. ಬಜಾರಿನಲ್ಲಿ ಅದಕ್ಕೆ ಸಿಕ್ಕುವುವು ಹೆಚ್ಚಾಗಿ ಹೊದಿಕೆಯಿಲ್ಲದ ಬರಿಯ ಫಲಕಗಳು. ಬೇರೊಂದು ದಾರಿಯೆಂದರೆ ೩೬ ವೋಲ್ಟಿನ ಎರಡು ಮುಚ್ಚಿದ ಪೆಟ್ಟಿಗೆಗಳನ್ನು ಸರಪಣಿಯಂತೆ ಸೇರಿಸಿ, ನಡುವಿನ ಗಂಟನ್ನು ಸೊನ್ನೆಯೆಂದು ಇಟ್ಟುಕೊಳ್ಳುವುದು. ಅವಳಿಗೆ ಫಲಕವೇ ಇಷ್ಟ. ನನಗೆ ಪೆಟ್ಟಿಗೆಗಳೇ ಇಷ್ಟ. ಮಕ್ಕಳು ತುಂಬಿರುವ ಸಭಾಂಗಣದಲ್ಲಿ ಬರಿಯ ಫಲಕವನ್ನು ಇಡಲು ನಾನು ಒಪ್ಪಲಿಲ್ಲ. ಎರಡು ಪೆಟ್ಟಿಗೆಗಳ ಬೆಲೆಗೆ ಅವಳ ಕೈಚೀಲ ಒಪ್ಪಲಿಲ್ಲ. ವಾದವು ತುಮಕೂರಿನವರೆಗೂ ಬಂದಿತು.

ಮನೆಗೆ ಬಂದ ಮೇಲೆ ಮೊದಲು ಮಾಡಿದ ಕೆಲಸ ಧ್ವನಿವರ್ಧಕದ್ದಲ್ಲ. ಹಿತ್ತಿಲಿನ ಭೂಸಂಪರ್ಕದ ಗುಂಡಿಯದು. ಮೂರನೆಯ ಕಡ್ಡಿಯು ನೆಲವನ್ನು ಸೇರದಿದ್ದರೆ ಅದು ಅಲಂಕಾರ ಮಾತ್ರ. ವಿದ್ಯುತ್ ಕೆಲಸದವನನ್ನು ಕರೆಸಿ ಇದ್ದಲು, ಉಪ್ಪು ಹಾಕಿಸಿ ನೀರು ಹೊಯ್ಯಿಸಿ ಪರೀಕ್ಷೆ ಮಾಡಿಸಿದೆವು. ಆಮೇಲೆಯೇ ಅಡಾಪ್ಟರನ್ನು ಸಿಕ್ಕಿಸಿದುದು. ಮರುದಿನ ಸಂಜೆ ಉದ್ಯೋಗಪರ್ವದ ಓದು. ನಮ್ಮ ತಾಯಿಯವರು ಅರ್ಧ ಗಂಟೆ ಸುಮ್ಮನೆ ಕುಳಿತಿದ್ದು, ನಡುವೆ ಕೈಯೆತ್ತಿ ನನ್ನನ್ನು ನಿಲ್ಲಿಸಿ, ಹಿಂದಿನ ಪದ್ಯದಲ್ಲಿ ನಾನು ಒಂದು ಅಕ್ಷರವನ್ನು ನುಂಗಿದೆನೆಂದು ಹೇಳಿದರು. ಬಹಳ ವರ್ಷಗಳಿಂದ ಅವರು ಅಂತಹ ತಪ್ಪನ್ನು ಹಿಡಿದಿರಲಿಲ್ಲ.

ಎರಡು ಪೆಟ್ಟಿಗೆಗಳ ಹಣ ಕೂಡುತ್ತಿದೆ. ದೀಪಾವಳಿಯಾದ ಮೇಲೆ ಒಂದು ವಾರದ ದಿನ ನೋಡಿ ಮತ್ತೆ ಹೋಗುವುದೆಂದು ಗೊತ್ತುಮಾಡಿದ್ದೇವೆ. ರೇಡಿಯೊಗೆ ಹೊಸ ಬ್ಯಾಟರಿಗಳನ್ನು ಹಾಕಿಟ್ಟಿದ್ದಾಳೆ.