ಆಗುಂಬೆ ಇಳಿದ ರಾತ್ರಿ

ರಾತ್ರಿ ಒಂದೂವರೆ. ಆಗುಂಬೆ ಘಾಟಿಯಲ್ಲಿ ಧೋ ಎಂದು ಮಳೆ. ಆಂಬುಲೆನ್ಸಿನಲ್ಲಿ ಎಂಟು ತಿಂಗಳ ಬಸುರಿ ಬಲಪಕ್ಕೆ ಒತ್ತಿಕೊಂಡು ಮುದುಡಿದ್ದಾಳೆ. ಅವಳಿಗೆ ಹೆಸರು ಬೇಡ. ಯಾವ ಊರಿನ, ಯಾರ ಮನೆಯ ಮಗಳೂ ಆಗಿರಬಹುದು.

ಸಂಜೆ ಎದೆಗುಂಡಿಯ ಕೆಳಗೆ ನೋವೆಂದಾಗ ಅತ್ತೆ ಜೀರಿಗೆ ಕಷಾಯ ಕೊಟ್ಟರು. ಅದೂ ವಾಂತಿಯಾಯಿತು. ಗಂಡ ಗ್ಯಾಸ್ಟ್ರಿಕ್ ಮಾತ್ರೆ ತಂದ. ನೋವು ಬಲಭುಜಕ್ಕೇರಿತು. ತಾಲ್ಲೂಕು ಆಸ್ಪತ್ರೆಯಲ್ಲಿ ಬಿಪಿ 170/112! ಡ್ಯೂಟಿ ಡಾಕ್ಟರಮ್ಮ ಬಿಪಿ ಇಳಿಸುವ ಔಷಧಿ ಕೊಟ್ಟರು, ಫಿಟ್ಸ್ ಬಾರದಿರಲೆಂದು ಮ್ಯಾಗ್ನೀಸಿಯಂ ಸಲ್ಫೇಟ್ ಚುಚ್ಚಿದರು. "ಇಲ್ಲಿ ಆಗಲ್ಲಪ್ಪ, ಈಗಲೇ ಕೆಳಗೆ ಹೊರಡಿ" ಎಂದರು.

ತಿರುವಿನ ಮೇಲೆ ತಿರುವು. ಒಳಗೆ ಲಿವರ್ ಸೋಲುತ್ತಿದೆ. ಹೆಲ್ಪ್ ಸಿಂಡ್ರೋಮ್. 1982ರಲ್ಲಿ ಅಮೆರಿಕದ ವೈದ್ಯ ಲೂಯಿಸ್ ವೈನ್‌ಸ್ಟೀನ್ ಇಟ್ಟ ಹೆಸರು. ಸಣ್ಣ ರಕ್ತನಾಳಗಳ ಒಳಗೋಡೆ ಕೆಡುತ್ತದೆ, ಕೆಂಪು ರಕ್ತಕಣ ಒಡೆಯುತ್ತವೆ, ಪ್ಲೇಟ್‌ಲೆಟ್ ಬರಿದಾಗುತ್ತವೆ, ಲಿವರಿನ ಜೀವಕೋಶ ಸಾಯುತ್ತವೆ. ಅಪರೂಪಕ್ಕೆ ಲಿವರಿನ ತೆಳುಪೊರೆಯಡಿ ರಕ್ತ ತುಂಬಿಕೊಂಡು ಪೊರೆ ಬಿಗಿಯುತ್ತದೆ. ಜೀರಿಗೆಗೆ ಬಗ್ಗುವ ನೋವೇ ಅದು?

ಸೋಮೇಶ್ವರ ದಾಟಿತು. ಅವಳು ಬೆವರಿ ತಣ್ಣಗಾದಳು. ನಾಡಿ 130. "ಅಮ್ಮಾ, ಕಣ್ಣು ಬಿಡಿ, ಮಾತಾಡ್ತಾ ಇರಿ!" ನರ್ಸ್ ಕೂಗಿದಳು.

ದೊಡ್ಡಾಸ್ಪತ್ರೆ. ಪ್ಲೇಟ್‌ಲೆಟ್ 38,000, ಒಂದೂವರೆ ಲಕ್ಷವಾದರೂ ಇರಬೇಕಿತ್ತು. ಇಷ್ಟು ಕಡಿಮೆಯಿದ್ದರೆ ಬೆನ್ನಿಗೆ ಅರಿವಳಿಕೆ ಕೊಡುವಂತಿಲ್ಲ, ಪೂರ್ತಿ ಮಲಗಿಸಿದರು. ಸಿಸೇರಿಯನ್. ಮಗು ಅತ್ತಿತು. ಆದರೆ ಹೊಟ್ಟೆಯ ತುಂಬ ರಕ್ತ, ಗರ್ಭಕೋಶದ್ದಲ್ಲ! ಮೇಲಿನಿಂದ ಇಳಿಯುತ್ತಿದೆ. ಪೊರೆ ಹರಿದಿತ್ತು.

ಸರ್ಜನ್ ಓಡಿಬಂದರು. ಇಂಥ ಲಿವರಿಗೆ ಹೊಲಿಗೆ ಹಾಕಹೋದರೆ ನೆನೆದ ಕಾಗದದಂತೆ ಕಿತ್ತುಬರುತ್ತದೆ. ದೊಡ್ಡ ಬಟ್ಟೆಪ್ಯಾಡುಗಳನ್ನು ಸುತ್ತಲೂ ಒತ್ತಿ ತುಂಬಿದರು, ಒಳಗೇ ಬಿಟ್ಟರು. ಹೊರಗೆ ರಕ್ತಕ್ಕಾಗಿ ಓಡಾಟ. ಗಂಡನ ಗೆಳೆಯರು, ಆಂಬುಲೆನ್ಸ್ ಡ್ರೈವರ್ ಎಲ್ಲರೂ ತೋಳು ಚಾಚಿದರು. ಐಸಿಯುವಿನಲ್ಲಿ ವೆಂಟಿಲೇಟರ್. ಹೆರಿಗೆಯಾಯಿತೆಂದು ನಿಟ್ಟುಸಿರು ಬಿಡುವ ಹಾಗಿಲ್ಲ. ಪ್ಲೇಟ್‌ಲೆಟ್ ತಳ ಮುಟ್ಟುವುದು ಸಾಮಾನ್ಯವಾಗಿ ಆಮೇಲಿನ ಒಂದೆರಡು ದಿನದಲ್ಲೇ. 29,000ಕ್ಕೆ ಕುಸಿಯಿತು. 48 ಗಂಟೆಗೆ ಮತ್ತೆ ಹೊಟ್ಟೆ ತೆರೆದು ಪ್ಯಾಡು ತೆಗೆದರು. ರಕ್ತ ಜಿನುಗಲಿಲ್ಲ. ಮರುದಿನ ಪ್ಲೇಟ್‌ಲೆಟ್ 61,000. ನಾಲ್ಕನೆಯ ದಿನ ಟ್ಯೂಬು ತೆಗೆದಾಗ "ಮಗು?" ಎಂದಳು.

ಅವಳನ್ನು ಉಳಿಸಿದ್ದು ಸರ್ಜನ್ನರ ಕೈ, ಸರಿಯೇ. ಅದಕ್ಕೂ ಮೊದಲು ಉಳಿಸಿದ್ದು ಬೆಳಗಿನವರೆಗೆ ಕಾಯದ ಆ ಡಾಕ್ಟರಮ್ಮ. ಎಲ್ಲರಿಗೂ ಬಿಪಿ ಹೀಗೆ ಏರಿ ಎಚ್ಚರಿಸುವುದೂ ಇಲ್ಲ. ಹೆಲ್ಪ್ ಬಂದ ಕೆಲವರಲ್ಲಿ ಅದು ಸರಿಯಾಗಿಯೇ ಇರುತ್ತದೆ. ಹಾಗಾಗಿ ಐದು ತಿಂಗಳು ದಾಟಿದ ಬಸುರಿಗೆ, ಹೆರಿಗೆಯಾಗಿ ವಾರ ಕಳೆಯದ ಬಾಣಂತಿಗೂ, ಮೇಲುಹೊಟ್ಟೆ ಅಥವಾ ಬಲಪಕ್ಕೆ ನೋವು ಬಂದರೆ ಅದೇ ಹೊತ್ತಿನಲ್ಲಿ ಆಸ್ಪತ್ರೆಗೆ ಕರೆದೊಯ್ಯಿರಿ. ಬಿಪಿಯ ಜೊತೆಗೆ ಪ್ಲೇಟ್‌ಲೆಟ್, ಲಿವರ್ ಪರೀಕ್ಷೆಯನ್ನೂ ಕೇಳಿ ಮಾಡಿಸಿ.