ಕರದವರ ಮಾನ

2030ರ ಕಾಮನ್‌ವೆಲ್ತ್ ಆಟ ಅಹಮದಾಬಾದಿನ್ಯಾಗ ಆಗ್ತಾವ ಅಂತ ಸುದ್ದಿ ಬಂದಾಗಿನಿಂದ ನಮ್ಮ ವಾಚನಾಲಯದ ಕಟ್ಟಿ ಮ್ಯಾಲ ಎರಡು ಪಕ್ಷ ಆಗ್ಯಾವ. ಒಂದು ಪಕ್ಷದವರು "ನೋಡ್ರಿ, ಈಗ ಜಗತ್ತೇ ನಮ್ಮ ಬಾಗಲಿಗೆ ಬರ್ತದ" ಅಂತಾರ. ಇನ್ನೊಂದು ಪಕ್ಷದವರು "2025ರ ಸಪ್ಟೆಂಬರ್ ಮಳಿಗೆ ಮರಾಠವಾಡಾದ ಸೋಯಾಬೀನ ನಿಂತಲ್ಲೇ ಕೊಳೀತು, ನಮಗ್ಯಾಕ ದೊಡ್ಡವರ ಜಾತ್ರಿ" ಅಂತಾರ. ನನ್ನ ಹೊಲದಾಗೂ ಮೊಣಕಾಲಮಟ ನೀರು ನಿಂತಿತ್ತು. ಆದರೂ ನಾನು ಎರಡನೇ ಪಕ್ಷದಾಗ ಕುಂತಿಲ್ಲ, ಮೊದಲನೇದರಾಗೂ ಪೂರಾ ಕುಂತಿಲ್ಲ. "ಯಾಕ ಅನ್ನೋದು ಬರದು ಕೊಡ್ರಿ" ಅಂತ ಶಾಲಿ ಗುರುಗಳು ಅಂದರು, ಬರದೀನಿ.

ದೇಶ ಜಗತ್ತನ್ನ ಆಟಕ್ಕ ಕರಿಯೋದು ಅಂದ್ರ ಊರು ಜಾತ್ರಿಗೆ ಕರದಂಗ. ಹಾಡೋ ಸಲುವಾಗಿ ನಾನು ಬಹಳ ಜಾತ್ರಿ ತಿರುಗೀನಿ. ನಮ್ಮ ಕಡೆ ಜಾತ್ರಿ ಅಂದ್ರ ಕುಸ್ತಿ ಇರಲೇಬೇಕು. ಮಧ್ಯಾಹ್ನಕ್ಕ ಹಲಗಿ ಬಡಿತಾರ, ಸಣ್ಣ ಹುಡುಗರ ತೆಂಗಿನಕಾಯಿ ಕುಸ್ತಿಯಿಂದ ಸುರು ಆಗಿ ಸಂಜೀಕ ಬೆಳ್ಳಿ ಕಡದ ಕುಸ್ತಿಗೆ ಮುಗೀತದ. ಆ ಕಡೀ ಕುಸ್ತಿ ಗೆದ್ದಾವ ಬೀದರ ಕಡ್ಯಾವ ಇರಲಿ, ಸೊಲ್ಲಾಪುರದಾವ ಇರಲಿ, ಊರ ಹಿರಿಯರು ಅವನಿಗೆ ಫೇಟಾ ಸುತ್ತಿ ಹಲಗಿ ಮುಂದ ಮೆರಸ್ತಾರ. ನಮ್ಮ ಹುಡುಗ ಸೋತ ಅಂತ ಯಾರೂ ಎದ್ದು ಮನಿಗೆ ಹೋಗೋದಿಲ್ಲ. ಹೋದರ ಮುಂದಿನ ವರ್ಷ ಪೈಲವಾನರು ಆ ಊರ ಮುಖ ನೋಡೋದಿಲ್ಲ. ಇನ್ನೊಂದು ಮಾತು, ಕರದ ಊರಿನ ಒಬ್ಬ ಹುಡುಗನಾದರೂ ಫಡದಾಗ ಇಳೀಬೇಕು. ಬರೇ ಮಂಡಪ ಹಾಕಿ ಹುಗ್ಗಿ ಮಾಡಿ ನೀಡಿದರ ನಾವು ಅಡಗಿಯವರು ಆಗ್ತೀವಿ, ಜಾತ್ರಿಯವರು ಆಗೋದಿಲ್ಲ.

1982ರ ನವೆಂಬರಿನ್ಯಾಗ ದಿಲ್ಲಿಯಾಗ ಏಷ್ಯಾಡ್ ಸುರು ಆದಾಗ ನನಗ ಇಪ್ಪತ್ತರ ಆಸುಪಾಸು ವಯಸ್ಸು. ದೇಶಕ್ಕ ಬಣ್ಣದ ಟಿ.ವಿ. ಬಂದದ್ದು ಅದೇ ವರ್ಷ, ಆದರ ನಮಗ ರೇಡಿಯೋನೇ. ಹತ್ತಿ ಬಿಡಸ್ತಾ ಬದುವಿನ ಮ್ಯಾಲ ಇಟ್ಟು ಕೇಳಿದೆವು. ಅಪ್ಪು ಅನ್ನೋ ಆನಿ ಮರಿ ಆ ಆಟದ ಗುರ್ತು ಆಗಿತ್ತು. ಹೊಸಾ ಸ್ಟೇಡಿಯಂ, ಹೊಸಾ ರಸ್ತಾ ಅಂತ ಕೇಳಿ ಎದಿ ಉಬ್ಬಿತು. ಮುಂದ ಹಾಕಿ ಫೈನಲ್ಲಿನ್ಯಾಗ ಪಾಕಿಸ್ತಾನದವರು ನಮ್ಮನ್ನ 7-1ರಿಂದ ಸೋಲಿಸಿದರು. ಊರಾಗ ಸೂತಕ ಬಿದ್ದಂಗ ಆಯ್ತು. ಆದರ ಅದೇ ಏಷ್ಯಾಡದಾಗ ಹೆಣ್ಣುಮಕ್ಕಳ ಹಾಕಿ ಮೊದಲ ಸಲ ಇಟ್ಟಿದ್ದರು, ನಮ್ಮ ಹುಡುಗ್ಯಾರು ಬಂಗಾರ ಗೆದ್ದರು. ಕೇರಳದ ಎಂ.ಡಿ. ವಲ್ಸಮ್ಮ 400 ಮೀಟರ್ ಹರ್ಡಲ್ಸ್ ಓಟದಾಗ ಬಂಗಾರ ತಂದಳು. ಇವತ್ತು ನಮ್ಮ ಕಟ್ಟಿ ಮ್ಯಾಲ ಕೇಳಿ ನೋಡ್ರಿ. ಏಳು-ಒಂದು ಎಲ್ಲಾ ಮುದುಕರಿಗೂ ಬಾಯಿಪಾಠ, ಹುಡುಗ್ಯಾರ ಬಂಗಾರ ಒಬ್ಬರಿಗೂ ನೆನಪಿಲ್ಲ.

2023ರ ಕ್ರಿಕೆಟ್ ವಿಶ್ವಕಪ್ಪೂ ನಮ್ಮಲ್ಲೇ ಆಯ್ತು. ಹತ್ತಕ್ಕ ಹತ್ತು ಗೆದ್ದು ಬಂದವರು ನವೆಂಬರ್ 19ಕ್ಕ ಅಹಮದಾಬಾದಿನ್ಯಾಗ ಆಸ್ಟ್ರೇಲಿಯಾದವರ ಮುಂದ ಸೋತರು. ಸೋಲೋದು ಆಟದಾಗ ಇದ್ದದ್ದೇ. ನನಗ ಚುಚ್ಚಿದ್ದು ಬ್ಯಾರೆ. ಕಪ್ ಕೊಡೋ ಹೊತ್ತಿಗೆ ಖುರ್ಚಿ ಖಾಲಿ ಆಗಿದ್ದವು. ಗೆದ್ದ ಅತಿಥಿಗೆ ಚಪ್ಪಾಳಿ ಹೊಡಿಲಿಕ್ಕ ಊರೇ ಎದ್ದು ಹೋಗಿತ್ತು! ನಮ್ಮ ಹಿರಿಯರು ನೋಡಿದ್ದರ ಬೈತಿದ್ದರು. ತನ್ನ ಮ್ಯಾಲ ತನಗ ಭರವಸಾ ಇದ್ದಾವ ಮಂದಿ ಗೆದ್ದದ್ದು ನಿಂತು ನೋಡ್ತಾನ.

ನನ್ನ ಮನಸ್ಸು ತುಂಬಿದ್ದು 2025ರ ಜನವರಿಯಾಗ. ಸಂಕ್ರಾಂತಿ ಹಿಂದಿನ ದಿನ, 13ನೇ ತಾರೀಖಿಗೆ, ದಿಲ್ಲಿಯ ಇಂದಿರಾ ಗಾಂಧಿ ಸ್ಟೇಡಿಯಂದಾಗ ಖೋ-ಖೋದ ಮೊದಲನೇ ವಿಶ್ವಕಪ್ ಸುರು ಆಯ್ತು. ಖೋ-ಖೋ ಅಂದ್ರ ಏನು? ನಮ್ಮ ಶಾಲಿ ಅಂಗಳದಾಗ ಸುಣ್ಣದ ಗೆರಿ ಹೊಡದು ಬರಿಗಾಲಿಲೆ ಆಡೋ ಆಟ. ಒಬ್ಬಾಕಿ ಈ ಕಡಿ ಮುಖ, ಒಬ್ಬಾಕಿ ಆ ಕಡಿ ಮುಖ ಮಾಡಿ ಸಾಲಾಗಿ ಕೂಡ್ತಾರ. ಬೆನ್ನ ಹಿಂದಿನಿಂದ "ಖೋ" ಅಂದ ಕೂಡಲೆ ಎದ್ದು ಓಡಬೇಕು, ಓಡಿ ಬಂದಾಕಿ ಆ ಜಾಗಾದಾಗ ಕೂಡಬೇಕು. ಬಾಟಿ ಬೇಡ, ಚೆಂಡು ಬೇಡ. 1936ರಾಗ ಅಮರಾವತಿಯ ಹನುಮಾನ ವ್ಯಾಯಾಮ ಪ್ರಸಾರಕ ಮಂಡಳದವರು ಒಲಿಂಪಿಕ್ ಕಾಲಕ್ಕ ಬರ್ಲಿನ್‌ಗೆ ಹೋಗಿ ನಮ್ಮ ದೇಶಿ ಆಟ ಆಡಿ ತೋರಿಸಿದ್ದರು. ಅವಾಗ ನಾವು ಪರರ ಅಂಗಳಕ್ಕ ಹೋಗಿ "ನಮ್ಮವೂ ಆಟ ಅವ, ನೋಡ್ರಿ" ಅಂದದ್ದು. ಈಗ ಇರಾನ್, ದಕ್ಷಿಣ ಕೊರಿಯಾ, ದಕ್ಷಿಣ ಆಫ್ರಿಕಾದ ಹುಡುಗ್ಯಾರು ನಮ್ಮ ಅಂಗಳಕ್ಕ ಬಂದು ನಮ್ಮ ಮಾತಿನ್ಯಾಗ "ಖೋ" ಅಂದರು.

19ನೇ ತಾರೀಖು ಆಯಿತವಾರ. ತೊಗರಿ ರಾಶಿ ಬಿಟ್ಟು ಮಮ್ಮಗಳ ಸಂಗಟ ಮೊಬೈಲಿನ್ಯಾಗ ಫೈನಲ್ ನೋಡಿದೆ. ನೇಪಾಳದ ಮ್ಯಾಲ ನಮ್ಮ ಹುಡುಗ್ಯಾರು 78-40, ಹುಡುಗರು 54-36. ನಾಯಕಿ ಪ್ರಿಯಾಂಕಾ ಇಂಗಳೆ ಮಹಾರಾಷ್ಟ್ರದಾಕಿ, ಜೋಡಿ ಓಡಿದ ಬಿ. ಚೈತ್ರಾ ಮೈಸೂರು ಜಿಲ್ಲಾ ಕುರುಬೂರಿನಾಕಿ. ಮನ್ಯಾಗ ಕನ್ನಡ, ಕಚೇರ್ಯಾಗ ಮರಾಠಿ ಮಾತಾಡೋ ನಮ್ಮಂಥ ಗಡಿ ಮಂದಿಗೆ ಇದರ ರುಚಿ ಬ್ಯಾರೇನೇ. ಇಲ್ಲಿ ನಮಗ "ನೀವು ಕಾನಡಿ" ಅಂತಾರ, ಅತ್ತ ಹೋದರ ನಮ್ಮ ಮಾತು ಕೇಳಿ "ನೀವು ಮರಾಠ್ಯಾರು" ಅಂತಾರ. ಅವತ್ತು ಎರಡೂ ಕಡಿಯವರು ನಮ್ಮವರೇ. ಹಾಡಿನವನ ಅಂಗೈ, ಚಪ್ಪಾಳಿ ಜೋರಾಗೇ ಆಯ್ತು, ಎಮ್ಮಿ ಬೆದರಿತು.

ಈ ಬಲ ಒಂದು ವಾರದಾಗ ಬಂದದ್ದಲ್ಲ. ಧಾರಾಶಿವದ, ಅಂದ್ರ ಆಗಿನ ಉಸ್ಮಾನಾಬಾದದ, ಸಾರಿಕಾ ಕಾಳೆ 2016ರಾಗ ಗುವಾಹಟಿಯ ದಕ್ಷಿಣ ಏಷ್ಯಾ ಆಟದಾಗ ಖೋ-ಖೋ ತಂಡದ ನಾಯಕಿ ಆಗಿ ಬಂಗಾರ ಗೆದ್ದಳು. ಅವೂ ನಮ್ಮ ದೇಶ ಕರದ ಆಟಗಳೇ. 2020ಕ್ಕ ಅರ್ಜುನ ಪ್ರಶಸ್ತಿ ಬಂತು, ಖೋ-ಖೋದವರಿಗೆ 22 ವರ್ಷದ ಮ್ಯಾಲ. ಮನಿ ಬಡತನದಾಗ ಎಷ್ಟೋ ವರ್ಷ ದಿನಕ್ಕ ಒಂದೇ ಹೊತ್ತು ಉಂಡು ಆಡೀನಿ ಅಂತ ಆಕಿ ಪೇಪರಿನವರ ಮುಂದ ಹೇಳ್ಯಾಳ. ಮುಂದ ತುಳಜಾಪುರದಾಗ ಕ್ರೀಡಾ ಅಧಿಕಾರಿ ಆದಳು.

ಇದನ್ನ ನಾನು ನನ್ನ ಮಗನಿಗೆ ಓದಿ ಹೇಳಿದೆ. ಮಮ್ಮಗಳು ಎಂಟನೇತ್ತಾ ಅದಾಳ, ಖೋ-ಖೋದಾಗ ಚಲೋ ಓಡ್ತಾಳ. ತಾಲೂಕಿಗೆ ಆಡಲಿಕ್ಕ ಹೋಗಬೇಕಂದ್ರ ಬಸ್ಸಿನ ರೊಕ್ಕ, ಬೂಟಿನ ರೊಕ್ಕ, ಬರೂದ್ರಾಗ ಕತ್ತಲಿ. "ಅಪ್ಪಾ, ಸೋಯಾಬೀನ ಹೋಗ್ಯಾದ, ಹುಡುಗಿ ದೊಡ್ಡಾಕಿ ಆಗ್ಯಾಳ, ಸಾಕು" ಅಂದ. ಅವನ ಮಾತಿನ್ಯಾಗ ಸುಳ್ಳಿಲ್ಲ. "ದಿಲ್ಲಿಯಾಗ ಮಂದಿ ಹುಡುಗಿ ಗೆದ್ದರ ಪೇಢಾ ಹಂಚ್ತಿ, ನಿನ್ನ ಹುಡುಗಿಗೆ ಕೂಡು ಅಂತಿ, ಅದು ಎಂಥಾ ಅಭಿಮಾನೋ?" ಅಂತ ನಾನೂ ಕೇಳಿದೆ. ಸುಮ್ಮನಾದ. ಸೊಸಿ ಮಾತ್ರ ಒಳಗಿನಿಂದ, "ಈ ವರ್ಷ ಹೋಗಲಿ, ಮುಂದಿಂದು ಮುಂದ ನೋಡೂಣು" ಅಂದಳು. ಸದ್ಯ ಹೋಗ್ಲಿಕತ್ಯಾಳ.

ಅಹಮದಾಬಾದಿನ ಸ್ಟೇಡಿಯಂ ಸರ್ಕಾರ ನೋಡಿಕೊಳ್ತದ. ನಮ್ಮ ಶಾಲಿ ಅಂಗಳ ನೋಡಿದರ ಅರ್ಧದಾಗ ಟ್ರ್ಯಾಕ್ಟರ್ ಟ್ರಾಲಿ ನಿಂತಾವ, ಅರ್ಧದಾಗ ರಾಶಿ ಮಾಡಿದ ಹೊಟ್ಟು ಬಿದ್ದದ. ಖೋ-ಖೋಕ್ಕ ಬೇಕಾದದ್ದು 27 ಮೀಟರ್ ಉದ್ದ, 16 ಮೀಟರ್ ಅಗಲ, ಎರಡು ಕಂಬ. ಟ್ರಾಲಿಯವರಿಗೆ ಹಿರಿಯರು ಹೇಳಬೇಕು, ಕಲ್ಲು ಆರಸಲಿಕ್ಕ ಭಜನಿ ಮ್ಯಾಳದ ಹುಡುಗರು ಒಂದು ದಿನ ಬರ್ತೀನಿ ಅಂದಾರ. ಕಂಬ ನಾನು ಬೇವಿನ ಕಟಗೀಲೆ ಮಾಡಿಸೀನಿ, ನೆಲದ ಮ್ಯಾಲ ನಾಲ್ಕು ಫೂಟು ಬರಂಗ. ಹುಡುಗ್ಯಾರ ಕೈ ತರಚಬಾರದು ಅಂತ ಬಡಗಿ ಇನ್ನಾ ಉಜ್ಜಲಿಕತ್ಯಾನ.