ನಕ್ಷೆಗೆ ಕಾಣದ ನೀರು

ಹೊಸಪೇಟೆಯಿಂದ ಕಂಪ್ಲಿಗೆ ಹೋಗುವ ದಾರಿ ಕಣ್ಣಿಗೆ ಹಬ್ಬ. ಹಂಪಿಯ ಬಂಡೆಗುಡ್ಡಗಳು, ಅವುಗಳ ನಡುವೆ ಬಾಳೆತೋಟ, ಭತ್ತದ ಗದ್ದೆ. 2022ರ ಜುಲೈನಲ್ಲಿ ಮಗಳನ್ನು ಪರೀಕ್ಷೆಗೆಂದು ಇದೇ ದಾರಿಯಲ್ಲಿ ಗಂಗಾವತಿಗೆ ಕರೆದೊಯ್ಯುತ್ತಿದ್ದೆ. ಫೋನಿನ ನಕ್ಷೆ ಕಂಪ್ಲಿ ಸೇತುವೆಯ ಮೇಲೆ ನೀಲಿ ಗೆರೆ ಎಳೆದು ‘ನೇರ ಹೋಗಿ’ ಎನ್ನುತ್ತಿತ್ತು.

ಕಂಪ್ಲಿಯ ಚಹಾ ಅಂಗಡಿಯ ಅಜ್ಜ ಕೈ ಅಡ್ಡ ಹಿಡಿದರು: “ಡ್ಯಾಮಿಂದ ನೀರು ಬಿಟ್ಟಾರ್ರಿ ಸರ, ಸೇತುವೆ ಮುಳುಗೇತಿ. ಬುಕ್ಕಸಾಗರದ ಕಡೆ ಹೋಗ್ರಿ.” ಬಂದ ದಾರಿಯಲ್ಲೇ ಹಿಂದಿರುಗಿ ಬುಕ್ಕಸಾಗರ–ಕಡೇಬಾಗಿಲು ಸೇತುವೆ ದಾಟಿದೆವು. ಪರೀಕ್ಷೆಗೆ ಉಳಿದದ್ದು ಹತ್ತೇ ನಿಮಿಷ.

ತಪ್ಪು ಉಪಗ್ರಹದ್ದೇ? ಅಲ್ಲ. ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುವ ಜಿಪಿಎಸ್ ಉಪಗ್ರಹಗಳು ತಮ್ಮ ಸ್ಥಾನವನ್ನೂ ಸಮಯವನ್ನೂ ಸಾರುತ್ತವೆ. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಹಿಡಿದು, ನಾವೆಲ್ಲಿದ್ದೇವೆಂದು ಫೋನು ಲೆಕ್ಕ ಹಾಕುತ್ತದೆ. ಸೇತುವೆಯ ಮೇಲೆ ನೀರು ಹರಿಯುತ್ತಿದೆ ಎಂಬುದು ಆ ಲೆಕ್ಕದಲ್ಲಿಲ್ಲ. ಅದನ್ನು ಯಾರಾದರೂ ನಕ್ಷೆಗೆ ಸೇರಿಸಬೇಕು.

ಸಂಡೂರಿನ ಗುಡ್ಡದ ತಿರುವುಗಳಲ್ಲಿ ಅದೇ ನಕ್ಷೆ ನನ್ನನ್ನು ಸರಿಯಾಗಿ ಊರು ಮುಟ್ಟಿಸಿದೆ. ಅದನ್ನು ಬೈಯಲಾರೆ. ಆದರೆ ಮಳೆಗಾಲದಲ್ಲಿ ಇತ್ತ ಬರುವ ಮಕ್ಕಳೂ ಪೋಷಕರೂ ಹೊರಡುವ ಮುನ್ನ ಊರವರನ್ನು ಒಂದು ಮಾತು ಕೇಳಲಿ: ಡ್ಯಾಮಿನಿಂದ ಎಷ್ಟು ನೀರು ಬಿಟ್ಟಿದ್ದಾರೆ?